ಹನ್ನೊಂದನೆಯ ಸಂಕೇತ



ಮಳೆಗಾಲದಲ್ಲಿ ಎಂದಾದರೂ ಕಾರವಾರಕ್ಕೆ ಹೋದರೆ ಬೈತಖೋಲದ ಮೀನುಗಾರಿಕೆ ಬಂದರಿನ ಕಡೆಗೆ ಒಮ್ಮೆ ಹೋಗಿ ಬನ್ನಿ. ಸಮುದ್ರ ಕೆರಳಿದ ದಿನಗಳಲ್ಲಿ ದೋಣಿಗಳೆಲ್ಲ ಒತ್ತೊತ್ತಾಗಿ ನಿಂತಿರುತ್ತವೆ. ‘ಬಂದರಿನಲ್ಲಿ 3ನೆಯ ಸಂಕೇತ ಏರಿಸಲಾಗಿದೆ’ ಎಂಬ ಸಾಲನ್ನು ನೀವು ಪತ್ರಿಕೆಯಲ್ಲಿ ಓದಿರಬಹುದು. ಎಷ್ಟರಲ್ಲಿ ಮೂರು? ಅದರ ಮುಂದಿನ ಅಂಕಿಗಳು ಏನು ಹೇಳುತ್ತವೆ? ಈ ಸಣ್ಣ ಪ್ರಶ್ನೆಯಿಂದಲೇ ನಮ್ಮ ಮಾತನ್ನು ಆರಂಭಿಸೋಣ.

ಇಂದು ಬ್ಯಾಂಕು, ರೈಲ್ವೆ, ಆಸ್ಪತ್ರೆ, ವಿಶ್ವವಿದ್ಯಾಲಯ ಎಲ್ಲವೂ ಗಣಕಯಂತ್ರಗಳನ್ನು ನಂಬಿ ನಡೆಯುತ್ತಿವೆ. ಆ ಯಂತ್ರಗಳ ಆರೋಗ್ಯವನ್ನು ಹಸಿರು, ಹಳದಿ, ಕೆಂಪು ಬಣ್ಣಗಳಲ್ಲಿ ತೋರಿಸುವ ಪರದೆಗೆ ಡ್ಯಾಶ್‌ಬೋರ್ಡ್ ಎಂದು ಹೆಸರು. ಬಂದರಿನ ಸಂಕೇತದ ಕಂಬಕ್ಕೂ ಈ ಪರದೆಗೂ ಕೆಲಸ ಒಂದೇ: ಕಣ್ಣಿಗೆ ಕಾಣದ ದೂರದ ಸ್ಥಿತಿಯನ್ನು ಕಾಣುವ ಗುರುತಾಗಿ ಮಾಡಿ ತೋರಿಸುವುದು. ನಿಮ್ಮಲ್ಲಿ ಹಲವರು ನಾಳೆ ಅಂಥ ಪರದೆಯ ಮುಂದೆ ಕುಳಿತು ಸಂಬಳ ಪಡೆಯುವವರು. ಆದ್ದರಿಂದ ಅದನ್ನು ಓದುವ ವಿದ್ಯೆ ಹೇಗೆ ಬೆಳೆಯಿತು, ತಪ್ಪಾಗಿ ಓದಿದಾಗ ಏನಾಯಿತು ಎಂಬುದನ್ನು ಈಗಲೇ ತಿಳಿದಿರುವುದು ಒಳ್ಳೆಯದು.

ಕಂಬದ ಮೇಲಿನ ಭಾಷೆ

ಕಾರವಾರದ ಎದುರಿಗಿರುವ ದೇವಗಡ ದ್ವೀಪದಲ್ಲಿ 1864ರಲ್ಲಿ ದೀಪಸ್ತಂಭ ಸ್ಥಾಪನೆಯಾಯಿತು. ಅದೇ ವರ್ಷದ ಅಕ್ಟೋಬರ್ 5ರಂದು ಪೂರ್ವ ಕರಾವಳಿಯಲ್ಲಿ ಕಲ್ಕತ್ತೆಯ ಮೇಲೆ ಭಯಂಕರ ಚಂಡಮಾರುತ ಬೀಸಿತು. ಹತ್ತಾರು ಸಾವಿರ ಜನ ಸತ್ತರು. ಬಂದರಿನಲ್ಲಿದ್ದ ಹಡಗುಗಳು ನುಚ್ಚುನೂರಾದವು. ದೀಪಸ್ತಂಭ ಇರುವ ಜಾಗವನ್ನು ತೋರಿಸುತ್ತದೆ, ಬರುವ ಗಾಳಿಯನ್ನು ಹೇಳಲಾರದು ಎಂಬುದು ಆಗ ಮನದಟ್ಟಾಯಿತು. 1865ರಲ್ಲಿ ಕಲ್ಕತ್ತೆಯ ಬಂದರಿಗೆ ಬಿರುಗಾಳಿಯ ಮುನ್ಸೂಚನೆ ಕೊಡುವ ವ್ಯವಸ್ಥೆ ಬಂತು. 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಹುಟ್ಟಿತು. 1898ರ ಹೊತ್ತಿಗೆ ದೇಶದ ಬಂದರುಗಳಿಗೆಲ್ಲ ಏಕರೀತಿಯ ಸಂಕೇತಗಳು ಜಾರಿಗೆ ಬಂದವು.

ಹಗಲಿನಲ್ಲಿ ಶಂಕು ಮತ್ತು ಉರುಳೆಯ ಆಕಾರದ ಗುರುತುಗಳು, ರಾತ್ರಿ ಕೆಂಪು ಮತ್ತು ಬಿಳಿ ದೀಪಗಳು. ಇವೇ ಕಂಬದ ಅಕ್ಷರಮಾಲೆ. ಈಗಿರುವ ಪದ್ಧತಿಯಲ್ಲಿ ಸಂಕೇತಗಳು ಒಟ್ಟು 11. ಒಂದು ಮತ್ತು ಎರಡು ದೂರದ ಸಮುದ್ರದ ಸುದ್ದಿ. ಮೂರು ಎಂದರೆ ಈ ಬಂದರಿಗೇ ಬಿರುಸಾದ ಗಾಳಿಯ ಭೀತಿ ಇದೆ ಎಂದು. ನಾಲ್ಕು ಇನ್ನೂ ಗಟ್ಟಿಯಾದ ಎಚ್ಚರಿಕೆ. ಐದರಿಂದ ಏಳು ಅಪಾಯ, ಎಂಟರಿಂದ ಹತ್ತು ಮಹಾ ಅಪಾಯ. ಇಲ್ಲೊಂದು ಸೂಕ್ಷ್ಮವಿದೆ. ಐದಕ್ಕಿಂತ ಆರು ಹೆಚ್ಚು ಭಯಂಕರ ಎಂದು ತಿಳಿಯಬಾರದು. ಬಂದರು ಚಂಡಮಾರುತದ ಹಾದಿಯ ಎಡಕ್ಕೆ ಬೀಳುತ್ತದೆಯೋ, ಬಲಕ್ಕೋ, ಅಥವಾ ಚಂಡಮಾರುತ ಬಂದರಿನ ಮೇಲೆಯೇ ಹಾಯುತ್ತದೆಯೋ ಎಂಬ ವ್ಯತ್ಯಾಸವನ್ನು ಐದು, ಆರು, ಏಳು ಹೇಳುತ್ತವೆ. ಅರ್ಥ ತಿಳಿಯದವನಿಗೆ ಅಂಕಿ ಬರೀ ಅಂಕಿಯೇ.

ಹಾಗಾದರೆ ಹತ್ತರ ಮೇಲಿನ ಹನ್ನೊಂದು ಯಾವುದು? ಮಹಾ ಅಪಾಯಕ್ಕಿಂತ ದೊಡ್ಡ ಅಪಾಯ ಉಂಟೇ? ಹನ್ನೊಂದನೆಯ ಸಂಕೇತದ ಅರ್ಥ ಇಷ್ಟು: ಹವಾಮಾನ ಕೇಂದ್ರದೊಡನೆ ನಮ್ಮ ಸಂಪರ್ಕ ಕಡಿದುಹೋಗಿದೆ, ಕೆಟ್ಟ ಹವೆಯ ಭೀತಿ ಇದೆ ಎಂದು ಇಲ್ಲಿನ ಅಧಿಕಾರಿಗೆ ಅನಿಸುತ್ತಿದೆ. ಅಂದರೆ, ‘ನಮಗೆ ಏನೂ ತಿಳಿಯುತ್ತಿಲ್ಲ’ ಎಂಬುದಕ್ಕೂ ಅವರು ಒಂದು ಗುರುತನ್ನು ಇಟ್ಟರು. ಸಾಲಿನಲ್ಲಿ ಅದನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟರು. ಸಣ್ಣ ದೋಣಿಗಳೇ ಹೆಚ್ಚಾಗಿ ಬರುವ ಬಂದರುಗಳಿಗಾಗಿ ಐದೇ ಸಂಕೇತಗಳ ಸಂಕ್ಷಿಪ್ತ ಪದ್ಧತಿಯೊಂದಿದೆ. ಅಲ್ಲಿ ಆರು ಸಂಕೇತಗಳನ್ನು ಕೈಬಿಟ್ಟರೂ ಹನ್ನೊಂದನೆಯದನ್ನು ಮಾತ್ರ ಉಳಿಸಿಕೊಂಡಿದ್ದಾರೆ. ‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತು ಮದುವೆಯ ಮನೆಗೆ ಸರಿ, ಬಂದರಿಗೆ ಸಲ್ಲದು. ತಂತಿ ಸುಮ್ಮನಾಯಿತೆಂದರೆ ಸಮುದ್ರ ಸುಮ್ಮನಿದೆ ಎಂದಲ್ಲ.

ಆರಿದ ದೀಪವೂ ಕೆಂಪೇ

ಇದೇ ತತ್ವವನ್ನು ರೈಲ್ವೆಯವರು ಇನ್ನೊಂದು ಬಗೆಯಲ್ಲಿ ಕಂಡುಕೊಂಡರು. ಹಿಂದಿನ ಕಾಲದ ತೋಳಿನ ಸಿಗ್ನಲ್ ನೆನಪಿಸಿಕೊಳ್ಳಿ. ಎಳೆಯುವ ತಂತಿ ಕಡಿದರೆ ತೋಳು ತನ್ನಷ್ಟಕ್ಕೆ ‘ನಿಲ್ಲು’ ಎಂಬ ಸ್ಥಾನಕ್ಕೆ ಮರಳುವಂತೆ ಅದನ್ನು ಮಾಡಿರುತ್ತಿದ್ದರು. ಇಂದಿನ ಬಣ್ಣದ ದೀಪಗಳಿಗೂ ಅದೇ ನಿಯಮ. ರಾತ್ರಿ ಸಿಗ್ನಲ್ಲಿನ ದೀಪ ಆರಿಹೋಗಿದ್ದರೆ ಚಾಲಕ ಅದನ್ನು ಅಪಾಯ ಎಂದೇ ಓದಬೇಕು.

ಕೊಂಕಣ ರೈಲ್ವೆ 1998ರ ಜನವರಿ 26ರಂದು ಪೂರ್ಣವಾಗಿ ಆರಂಭವಾದಾಗ ಕಾರವಾರ ಮತ್ತು ಅಂಕೋಲಾಗಳು ಮುಂಬಯಿ–ಮಂಗಳೂರು ಮಾರ್ಗದ ನಿಲ್ದಾಣಗಳಾದವು. ಬೆಟ್ಟ ಕಡಿದು, ಸುರಂಗ ಕೊರೆದು ಮಾಡಿದ ಹಾದಿ ಅದು. 2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬಯಿಗೆ ಹೊರಟಿದ್ದ ವಿಶೇಷ ರೈಲು ಮಹಾರಾಷ್ಟ್ರದ ವೈಭವವಾಡಿಯ ಬಳಿ ಹಳಿಯ ಮೇಲೆ ಬಿದ್ದಿದ್ದ ಬಂಡೆಗಳಿಗೆ ಬಡಿಯಿತು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಸಿಗ್ನಲ್ ಹೇಳುವುದು ಮುಂದಿನ ದಾರಿಯಲ್ಲಿ ಬೇರೆ ರೈಲು ಇದೆಯೇ, ಹಳಿ ಸರಿಯಾಗಿ ಜೋಡಿಸಿದೆಯೇ ಎಂಬುದನ್ನು ಮಾತ್ರ. ಮೇಲಿನ ಗುಡ್ಡದ ಬಂಡೆ ಸಡಿಲಾಗಿರುವುದು ಅದಕ್ಕೆ ಗೊತ್ತಾಗುವುದಿಲ್ಲ. ಈ ಮಾರ್ಗದಲ್ಲಿ ಮಳೆಗಾಲದ ವೇಳಾಪಟ್ಟಿಯೇ ಬೇರೆ ಇರುವುದನ್ನು ನೀವು ಬಲ್ಲಿರಿ. ಕಾರವಾರವೂ ಸೇರಿದಂತೆ ಹಲವು ನಿಲ್ದಾಣಗಳಲ್ಲಿ ತಾನೇ ದಾಖಲಿಸುವ ಮಳೆಮಾಪಕಗಳಿವೆ. ಶರಾವತಿಯಂಥ ದೊಡ್ಡ ಸೇತುವೆಗಳ ಬಳಿ ಗಾಳಿಯ ವೇಗ ಅಳೆಯುವ ಉಪಕರಣಗಳಿವೆ. ಅಪಾಯದ ಜಾಗಗಳಲ್ಲಿ ಗಸ್ತಿನವರು ಹಗಲಿರುಳು ಕಾಲ್ನಡಿಗೆಯಲ್ಲಿ ತಿರುಗುತ್ತಾರೆ. ಫಲಕಕ್ಕೆ ಕಾಣದ್ದನ್ನು ಕಾಣಲು ಕಾಲು ಕಣ್ಣುಗಳೇ ಬೇಕಾದ ಜಾಗ ಇನ್ನೂ ಇದೆ.

ಕೈಗಾದ ಕಲಿಕೆ

ಕಾರವಾರ ತಾಲೂಕಿನಲ್ಲಿ, ಕಾಳಿ ನದಿಯ ಕದ್ರಾ ಜಲಾಶಯದ ಬದಿಗೆ ಕೈಗಾ ಅಣು ವಿದ್ಯುತ್ ಕೇಂದ್ರವಿದೆ. ತಲಾ 220 ಮೆಗಾವಾಟ್ ಸಾಮರ್ಥ್ಯದ ನಾಲ್ಕು ಘಟಕಗಳು. ಮೊದಲ ಎರಡು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಒಂದನೆಯ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಆಗ ವಿಶ್ವದಾಖಲೆ ಮಾಡಿತು. 2020ರಲ್ಲಿ ಕೆನಡಾದ ಡಾರ್ಲಿಂಗ್ಟನ್ ಕೇಂದ್ರದ ಘಟಕವೊಂದು ಅದನ್ನು ಮೀರಿಸಿತು. ಇಂಥ ಕೇಂದ್ರದ ನಿಯಂತ್ರಣ ಕೊಠಡಿಯೆಂದರೆ ಗೋಡೆ ತುಂಬ ಮಾಪಕ, ದೀಪ, ಗಂಟೆಗಳು. ರಿಯಾಕ್ಟರಿನ ಒಳಗೆ ಇಣುಕಿ ನೋಡುವಂತಿಲ್ಲ. ಹೊರಗಿನ ಈ ಗುರುತುಗಳೇ ಕಣ್ಣು.

ಒಂದೇ ಮಾಪಕವನ್ನು ನಂಬಿದರೆ ಅದು ಕೆಟ್ಟ ದಿನ ಏನು ಗತಿ? ಆದ್ದರಿಂದ ಇಂಥ ರಿಯಾಕ್ಟರುಗಳಲ್ಲಿ ರಕ್ಷಣೆಗೆ ಬೇಕಾದ ಮುಖ್ಯ ಅಳತೆಗಳನ್ನು ಬೇರೆ ಬೇರೆಯಾದ ಮೂರು ಉಪಕರಣಗಳಿಂದ ಪಡೆಯುತ್ತಾರೆ. ಮೂರರಲ್ಲಿ ಎರಡು ‘ಅಪಾಯ’ ಎಂದರೆ ರಿಯಾಕ್ಟರ್ ತಾನೇ ನಿಲ್ಲುತ್ತದೆ. ಒಂದು ಉಪಕರಣದ ಸುಳ್ಳು ಕೂಗಿಗೆ ಕೆಲಸ ನಿಲ್ಲುವುದಿಲ್ಲ, ಒಂದರ ಮೌನದಿಂದ ಅಪಾಯ ಮರೆಯಾಗುವುದೂ ಇಲ್ಲ.

ಆದರೂ 2009ರಲ್ಲಿ ಅಲ್ಲಿ ನಡೆದ ಒಂದು ಘಟನೆಯನ್ನು ಗಮನಿಸಬೇಕು. ಆ ವರ್ಷದ ನವೆಂಬರ್ 24ರಂದು ಸಿಬ್ಬಂದಿಯ ವಾಡಿಕೆಯ ಮೂತ್ರ ಪರೀಕ್ಷೆಯಲ್ಲಿ ಟ್ರಿಟಿಯಂ ಎಂಬ ವಿಕಿರಣಶೀಲ ವಸ್ತು ಮಾಮೂಲಿಗಿಂತ ಹೆಚ್ಚಾಗಿ ಕಂಡಿತು. ಅದು ಐವತ್ತಕ್ಕೂ ಹೆಚ್ಚು ಜನರ ಮೈ ಸೇರಿತ್ತು. ಹುಡುಕಿದಾಗ ಮೂಲ ಸಿಕ್ಕಿದ್ದು ಒಂದು ಕುಡಿಯುವ ನೀರಿನ ಕೂಲರಿನಲ್ಲಿ. ಯಂತ್ರಗಳಲ್ಲಿ ಸೋರಿಕೆ ಇರಲಿಲ್ಲ. ಒಳಗಿನವರೇ ಯಾರೋ ಬೇಕೆಂದು ಬೆರೆಸಿದ ಕೃತ್ಯ ಎಂದು ಅಧಿಕಾರಿಗಳು ಹೇಳಿದರು. ಟ್ರಿಟಿಯಂ ಹೊಮ್ಮಿಸುವ ಕಿರಣ ಬಹಳ ದುರ್ಬಲ. ಮೈಮೇಲೆ ಧರಿಸುವ ವಿಕಿರಣ ಮಾಪಕಕ್ಕೆ ಅದು ಸಿಗುವುದಿಲ್ಲ. ಗೋಡೆಯ ಯಾವ ದೀಪವೂ ಕೂಲರಿನ ನೀರನ್ನು ಕಾಯುತ್ತಿರಲಿಲ್ಲ. ಫಲಕವನ್ನು ನಂಬಿ ‘ಮೂತ್ರ ಪರೀಕ್ಷೆ ಇನ್ನೇಕೆ’ ಎಂದು ಕೈಬಿಟ್ಟಿದ್ದರೆ ವಿಷಯ ಎಷ್ಟು ದಿನ ಮುಚ್ಚಿರುತ್ತಿತ್ತೋ! ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತೇವೆ. ಹಾಗೆಯೇ ಹಸಿರಾಗಿರುವುದೆಲ್ಲ ಕ್ಷೇಮವಲ್ಲ. ನೋಡಲು ಹೇಳಿದಷ್ಟು ಭಾಗ ಕ್ಷೇಮ, ಅಷ್ಟೇ.

ದೀಪ ಹೇಳಿದ ಅರ್ಧಸತ್ಯ

ಅಣು ಕೇಂದ್ರದ ಮಾತು ಬಂದಾಗ ಅಮೆರಿಕದ ಥ್ರೀ ಮೈಲ್ ಐಲೆಂಡ್ ಪ್ರಕರಣವನ್ನು ಬಿಡುವಂತಿಲ್ಲ. 1979ರ ಮಾರ್ಚ್ 28ರ ನಸುಕಿನಲ್ಲಿ ಪೆನ್ಸಿಲ್ವೇನಿಯಾದ ಆ ಕೇಂದ್ರದ ಎರಡನೆಯ ಘಟಕದಲ್ಲಿ ಒತ್ತಡ ಇಳಿಸುವ ಒಂದು ಕವಾಟ ತೆರೆದುಕೊಂಡಿತು. ಒತ್ತಡ ಇಳಿದ ಮೇಲೆ ಮುಚ್ಚಬೇಕಿದ್ದ ಅದು ಸಿಕ್ಕಿಕೊಂಡು ತೆರೆದೇ ಉಳಿಯಿತು. ಫಲಕದಲ್ಲಿ ಮಾತ್ರ ಕವಾಟದ ದೀಪ ಆರಿತು. ಆರಿತೆಂದರೆ ಮುಚ್ಚಿದೆ ಎಂದು ಕೆಲಸಗಾರರು ಓದಿದರು. ನಿಜದಲ್ಲಿ ಆ ದೀಪ ತೋರಿಸುತ್ತಿದ್ದುದು ಕವಾಟವನ್ನು ತೆರೆದಿಡುವ ವಿದ್ಯುತ್ ನಿಂತಿದೆ ಎಂಬುದನ್ನು ಮಾತ್ರ. ‘ಮುಚ್ಚು’ ಎಂಬ ಅಪ್ಪಣೆ ಹೋಗಿತ್ತು, ಅಪ್ಪಣೆ ಪಾಲನೆಯಾಗಿರಲಿಲ್ಲ. ಎರಡು ಗಂಟೆಗೂ ಹೆಚ್ಚು ಕಾಲ ತಂಪುಗೊಳಿಸುವ ನೀರು ಹೊರಗೆ ಹರಿಯಿತು. ರಿಯಾಕ್ಟರಿನ ಗರ್ಭದ ಒಂದು ಭಾಗ ಕರಗಿತು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮ ಹಿರಿಯರು ಹೇಳಿದ್ದು ಇಂಥ ದೀಪಗಳಿಗೂ ಅನ್ವಯಿಸುತ್ತದೆ.

ಇನ್ನೊಂದು ಉದಾಹರಣೆಯೂ ಅಮೆರಿಕದ್ದೇ. 2003ರ ಆಗಸ್ಟ್ 14ರ ಮಧ್ಯಾಹ್ನ 2 ಗಂಟೆ 14 ನಿಮಿಷಕ್ಕೆ ಓಹಾಯೊ ರಾಜ್ಯದ ಒಂದು ವಿದ್ಯುತ್ ಸಂಸ್ಥೆಯ ನಿಯಂತ್ರಣ ಕೊಠಡಿಯಲ್ಲಿ ಎಚ್ಚರಿಕೆ ಕೊಡುವ ಗಣಕ ವ್ಯವಸ್ಥೆ ಕೆಟ್ಟು ನಿಂತಿತು. ಪರದೆಗಳು ಆರಲಿಲ್ಲ, ಗಂಟೆ ಬಾರಿಸಲಿಲ್ಲ. ಹೊಸ ಎಚ್ಚರಿಕೆ ಬರುವುದು ಮಾತ್ರ ನಿಂತಿತು. ಒಂದು ಗಂಟೆಗೂ ಹೆಚ್ಚು ಕಾಲ ಅಲ್ಲಿದ್ದವರಿಗೆ ಇದರ ಅರಿವಾಗಲಿಲ್ಲ. ಹೊರಗೆ ಒಂದೊಂದೇ ವಿದ್ಯುತ್ ಮಾರ್ಗ ಕಡಿಯುತ್ತಿತ್ತು, ಒಳಗೆ ಎಲ್ಲ ಶಾಂತ. ಸಂಜೆ ನಾಲ್ಕರ ಸುಮಾರಿಗೆ ಅಮೆರಿಕ ಮತ್ತು ಕೆನಡಾಗಳ ಸುಮಾರು 5 ಕೋಟಿ ಜನ ಕತ್ತಲಲ್ಲಿ ಬಿದ್ದರು. ಹನ್ನೊಂದನೆಯ ಸಂಕೇತ ಏರಿಸಬೇಕಾದ ಗಳಿಗೆ ಅದಾಗಿತ್ತು. ಏರಿಸುವವರಿಗೇ ಸುದ್ದಿ ಇರಲಿಲ್ಲ.

ಗಣಕಯಂತ್ರದ ಕ್ಷೇಮ ಸಮಾಚಾರ

ಈಗ ಗಣಕಯಂತ್ರಗಳಿಗೆ ಬರೋಣ. 1983ರ ಡಿಸೆಂಬರಿನಲ್ಲಿ ಅಮೆರಿಕದ ಮೈಕ್ ಮ್ಯೂಸ್ ಎಂಬವರು ‘ಪಿಂಗ್’ ಎಂಬ ಪುಟ್ಟ ಪ್ರೋಗ್ರಾಮ್ ಬರೆದರು. ಜಲಾಂತರ್ಗಾಮಿಯನ್ನು ಹುಡುಕಲು ನೀರಿನೊಳಗೆ ಕಳಿಸುವ ಶಬ್ದದ ಹೆಸರು ಅದು. ಒಂದು ಯಂತ್ರ ಇನ್ನೊಂದನ್ನು ಕರೆಯುತ್ತದೆ, ಅದು ‘ಓ’ ಎಂದರೆ ಇದೆ ಎಂದು ಲೆಕ್ಕ. ಆದರೆ ನೀವು ಯಾರದೋ ಮನೆಯ ಬಾಗಿಲಲ್ಲಿ ನಿಂತು ಕೂಗಿದಾಗ ಒಳಗಿನಿಂದ ‘ಓ’ ಎಂದವರು ಜ್ವರದಲ್ಲಿ ಮಲಗಿರಲೂಬಹುದು. ಬ್ಯಾಂಕಿನ ಸರ್ವರ್ ಪಿಂಗ್‌ಗೆ ಉತ್ತರ ಕೊಡುತ್ತಿದ್ದರೂ ಹಣ ಕೊಡುವ ಕೆಲಸ ನಿಂತಿರಬಹುದು.

1999ರಲ್ಲಿ ಈಥನ್ ಗಾಲ್‌ಸ್ಟಡ್ ಎಂಬ ತಂತ್ರಜ್ಞ ಬಿಡುಗಡೆ ಮಾಡಿದ, ಮುಂದೆ ‘ನಾಗಿಯೋಸ್’ ಎಂದು ಹೆಸರಾದ ತಂತ್ರಾಂಶ ಜಗತ್ತಿನ ಅನೇಕ ಕಡೆ ಬಳಕೆಗೆ ಬಂತು. ಅದರಲ್ಲಿ ಪ್ರತಿ ಪರೀಕ್ಷೆಗೂ ನಾಲ್ಕು ಉತ್ತರಗಳು ಸಾಧ್ಯ: ಸೊನ್ನೆ ಎಂದರೆ ಕ್ಷೇಮ, ಒಂದು ಎಚ್ಚರಿಕೆ, ಎರಡು ಗಂಭೀರ. ಮೂರು? ‘ತಿಳಿಯದು’. ಹಸಿರು, ಹಳದಿ, ಕೆಂಪುಗಳ ಜೊತೆಗೆ ಅದಕ್ಕೊಂದು ಪ್ರತ್ಯೇಕ ಕಿತ್ತಳೆ ಬಣ್ಣ. ಗಂಭೀರಕ್ಕಿಂತ ಮುಂದಿನ ಅಂಕಿಯನ್ನೇ ಇದಕ್ಕೂ ಕೊಟ್ಟಿರುವುದನ್ನು ನೋಡಿ. ಬಂದರಿನ ಕಂಬದಲ್ಲಿ ಹತ್ತರ ಮೇಲೆ ಹನ್ನೊಂದು ಇದ್ದಂತೆ!

ಫಲಕ ತಾನು ಕಾಯುವ ಯಂತ್ರದ ಮೇಲೆಯೇ ನಿಂತಿದ್ದರೆ ಏನಾಗುತ್ತದೆ ಎಂಬುದಕ್ಕೂ ನಿದರ್ಶನವಿದೆ. 2017ರ ಫೆಬ್ರವರಿ 28ರಂದು ಅಮೆಜಾನ್ ಸಂಸ್ಥೆಯ ಮಾಹಿತಿ ಸಂಗ್ರಹದ ಸೇವೆ, ನೌಕರರೊಬ್ಬರು ಕೊಟ್ಟ ತಪ್ಪು ಆಜ್ಞೆಯಿಂದ ಹಲವು ಗಂಟೆ ಕುಸಿಯಿತು. ಲೆಕ್ಕವಿಲ್ಲದಷ್ಟು ಜಾಲತಾಣಗಳು ನಿಂತವು. ಆದರೆ ಸೇವೆಗಳ ಆರೋಗ್ಯ ತೋರಿಸುವ ಸಂಸ್ಥೆಯ ಫಲಕವನ್ನು ಬದಲಿಸಲು ಸಾಕಷ್ಟು ಹೊತ್ತು ಸಾಧ್ಯವಾಗಲೇ ಇಲ್ಲ. ಅದನ್ನು ಬದಲಿಸುವ ಏರ್ಪಾಡೂ ಕುಸಿದ ಅದೇ ಸೇವೆಯನ್ನು ಅವಲಂಬಿಸಿತ್ತು. ಮನೆಗೆ ಬೆಂಕಿ ಬಿದ್ದಿತು, ಕೂಗಿ ಹೇಳಬೇಕಾದ ಕಾವಲುಗಾರ ಅದೇ ಮನೆಯಲ್ಲಿ ಸಿಕ್ಕಿಬಿದ್ದಿದ್ದ.

ನಾಲ್ಕು ಪ್ರಶ್ನೆಗಳು

ಹಾಗಾದರೆ ಫಲಕವನ್ನು ಓದುವುದು ಹೇಗೆ? ಬಣ್ಣ ನೋಡಿದೊಡನೆ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

ಮೊದಲನೆಯದು, ಇದು ಏನನ್ನು ಅಳೆಯುತ್ತಿದೆ? ಅಪ್ಪಣೆಯನ್ನೋ, ನಡೆದ ಕೆಲಸವನ್ನೋ? ಥ್ರೀ ಮೈಲ್ ಐಲೆಂಡಿನ ದೀಪವನ್ನು ನೆನೆಯಿರಿ.

ಎರಡನೆಯದು, ಇದು ಯಾವ ಹೊತ್ತಿನ ಸುದ್ದಿ? ‘ಇತ್ತ ನಾವೆಲ್ಲ ಕ್ಷೇಮ’ ಎಂದು ಊರಿನಿಂದ ಬಂದ ಕಾಗದ, ಬರೆದ ದಿನದ ಕ್ಷೇಮವನ್ನು ಹೇಳುತ್ತದೆಯೇ ಹೊರತು ತಲುಪಿದ ದಿನದ್ದಲ್ಲ. ಹಸಿರು ಬಣ್ಣದ ಪಕ್ಕದಲ್ಲಿರುವ ವೇಳೆಯನ್ನೂ ಓದಿ.

ಮೂರನೆಯದು, ಇದು ಒಂದರ ಸ್ಥಿತಿಯೋ, ಹಲವರ ಸರಾಸರಿಯೋ? ಉತ್ತರ ಕನ್ನಡ ಜಿಲ್ಲೆಯ ಸರಾಸರಿ ಮಳೆ ಎಂದರೆ ಮಳೆ ಸುರಿಯುವ ಅಂಕೋಲೆಯೂ ಅದರಲ್ಲಿದೆ, ಬಯಲುಸೀಮೆಗೆ ಅಂಟಿದ ಹಳಿಯಾಳವೂ ಅದರಲ್ಲಿದೆ. ಸರಾಸರಿಯನ್ನು ಓದಿ ಹಳಿಯಾಳದ ರೈತ ಬಿತ್ತನೆ ಮಾಡಲಾರ.

ನಾಲ್ಕನೆಯದು, ಸುದ್ದಿ ಬರದಿದ್ದರೆ ಇದು ಏನು ತೋರಿಸುತ್ತದೆ? ಕರ್ನಾಟಕದಲ್ಲಿ 1988ರಲ್ಲಿ ಬರ ಪರಿಸ್ಥಿತಿಯ ನಿಗಾ ಘಟಕವಾಗಿ ಆರಂಭವಾಗಿ ಬೆಳೆದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟು, ಹದಿನೈದು ನಿಮಿಷಕ್ಕೊಮ್ಮೆ ಅಂಕಿ ತರಿಸಿಕೊಳ್ಳುತ್ತದೆ. ಊಹಿಸಿ: ಅಂಕೋಲಾದ ಒಂದು ಹಳ್ಳಿಯ ಮಾಪಕ ಧೋ ಎಂದು ಸುರಿಯುವ ಮಳೆಯಲ್ಲಿ ಕೆಟ್ಟಿತು. ಪರದೆಯ ಮೇಲೆ ಆ ಹಳ್ಳಿಯ ಎದುರಿಗೆ ‘0’ ಎಂದು ಬಂದರೆ ಓದುವವನು ಅಲ್ಲಿ ಮಳೆಯೇ ಇಲ್ಲ ಎನ್ನುತ್ತಾನೆ. ‘ಮಾಹಿತಿ ಇಲ್ಲ’ ಎಂದು ಬಂದರೆ ಫೋನ್ ಮಾಡಿ ವಿಚಾರಿಸುತ್ತಾನೆ. ಸೊನ್ನೆಗೂ ಖಾಲಿಗೂ ಇರುವ ಈ ಅಂತರದಲ್ಲಿ ಕೆಲವೊಮ್ಮೆ ಜೀವಗಳೇ ಇರುತ್ತವೆ.

ಇದು ಬರೀ ಊಹೆಯ ಮಾತಲ್ಲ ಎಂದು ತಿಳಿಯಲು ದೂರ ಹೋಗಬೇಕಿಲ್ಲ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ರಸ್ತೆ ಬದಿಯ ಚಹಾದಂಗಡಿ, ನಿಂತಿದ್ದ ವಾಹನಗಳು, ಜನ ಗಂಗಾವಳಿ ನದಿಯ ಪಾಲಾದರು. ನದಿಯ ತಳ ಸೇರಿದ ಲಾರಿಯೊಂದನ್ನು ಮೇಲೆತ್ತುವಾಗ ಸೆಪ್ಟೆಂಬರ್ 25 ಆಗಿತ್ತು. ಅದೇ ವರ್ಷದ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಚಾಲಕ ಬದುಕಿ ಉಳಿದ. ಮಳೆಯ ಅಂಕಿ ಎಷ್ಟೇ ನಿಖರವಾಗಿರಲಿ, ಅದೊಂದರಿಂದಲೇ ಗುಡ್ಡದ ಮೈ ಎಷ್ಟು ಸಡಿಲಾಗಿದೆ, ಸೇತುವೆಯ ಕಾಲು ಎಷ್ಟು ಸೋತಿದೆ ಎಂದು ತಿಳಿಯದು. ದಿನವೂ ಜನ ಓಡಾಡುವ ರಸ್ತೆಯನ್ನು ‘ಇಂದೂ ತೆರೆದಿದೆ, ಆದ್ದರಿಂದ ಕ್ಷೇಮ’ ಎಂದು ನಾವೆಲ್ಲ ಓದುತ್ತೇವೆ.

ಮಿತ್ರರೇ, ನಾಳೆ ನೀವು ಕೈಗಾದಲ್ಲೋ, ರೈಲ್ವೆಯಲ್ಲೋ, ಬೆಂಗಳೂರಿನ ಯಾವುದೋ ಗಣಕ ಸಂಸ್ಥೆಯಲ್ಲೋ ರಾತ್ರಿ ಪಾಳಿಗೆ ಕುಳಿತಾಗ ನಿಮ್ಮೆದುರಿನ ಪರದೆಯೆಲ್ಲ ಹಸಿರಾಗಿರಬಹುದು. ಸಂತೋಷಪಡಿ, ಆದರೆ ಆ ನಾಲ್ಕು ಪ್ರಶ್ನೆ ಕೇಳದೆ ಎದ್ದು ಹೋಗಬೇಡಿ. ಏನೂ ತಿಳಿಯದಿದ್ದಾಗ ‘ನನಗೆ ತಿಳಿಯುತ್ತಿಲ್ಲ’ ಎಂದು ಮೇಲಿನವರಿಗೆ ಫೋನ್ ಮಾಡಲು ನಾಚಿಕೆ ಬೇಡ. ಬಂದರಿನ ಅಧಿಕಾರಿ ಹನ್ನೊಂದನೆಯ ಸಂಕೇತ ಏರಿಸಿದಾಗ ಮಾಡುವುದೂ ಅದನ್ನೇ. ಅದನ್ನು ನೋಡಿ ದೋಣಿಯವರು ದಡದಲ್ಲೇ ಉಳಿಯುತ್ತಾರೆ.